ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೊರೊನಾ ಕಾಲದಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ದಿನಾ ಒಂದು ಬುಲೆಟಿನ್ ಬಿಡುಗಡೆ ಮಾಡುತ್ತಿತ್ತು, ನೆನಪಿದೆಯಾ? ಇವತ್ತು ಪಾಸಿಟಿವ್ ಎಷ್ಟು, ಡಿಸ್ಚಾರ್ಜ್ ಎಷ್ಟು, ಸಾವು ಎಷ್ಟು, ಐಸಿಯುನಲ್ಲಿ ಎಷ್ಟು ಜನ, ಜೊತೆಗೆ ಜಿಲ್ಲಾವಾರು ಲೆಕ್ಕ. ಸಂಜೆಯಾಗುತ್ತಿದ್ದಂತೆ ಅದರ ಪಿಡಿಎಫ್ ಆಫೀಸಿನ ಗ್ರೂಪಿಗೂ ಬರುತ್ತಿತ್ತು, ಫ್ಯಾಮಿಲಿ ಗ್ರೂಪಿಗೂ ಬರುತ್ತಿತ್ತು. ಅದೇ ಅಂಕಿಗಳನ್ನು ರಾತ್ರಿ ನ್ಯೂಸ್‌ನಲ್ಲಿ ಕೆಂಪು ಅಕ್ಷರದಲ್ಲಿ, ಎದೆ ನಡುಗಿಸುವ ಮ್ಯೂಸಿಕ್ ಜೊತೆ ಇನ್ನೊಂದು ಸಲ ನೋಡುತ್ತಿದ್ದೆವು.

ಆ ಬುಲೆಟಿನ್‌ನಲ್ಲಿ ಇಲ್ಲದ ಒಂದು ಕಾಲಂ ಬಗ್ಗೆ ನಾನು ಆಗಾಗ ಯೋಚಿಸ್ತೀನಿ. ಎಷ್ಟು ಮಕ್ಕಳು ಎಷ್ಟು ದಿನದಿಂದ ಶಾಲೆಯ ಹೊರಗಿದ್ದಾರೆ? ಎಷ್ಟು ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ತಪ್ಪಿದೆ? ಎಷ್ಟು ಮಕ್ಕಳು ಕಲಿತ ಅಕ್ಷರ ಮರೆತಿದ್ದಾರೆ? ಈ ಲೆಕ್ಕವನ್ನು ಯಾರೂ ದಿನಾ ಹೇಳಲಿಲ್ಲ. ಹೇಳದೇ ಇದ್ದದ್ದರಿಂದ ಅಂಥದ್ದೊಂದು ನಷ್ಟ ಆಗ್ತಾ ಇದೆ ಅನ್ನೋದು ಯಾರ ತಲೆಯನ್ನೂ ಕೆಡಿಸಲಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇಷ್ಟೇ. ಒಂದು ನಿರ್ಧಾರಕ್ಕೆ ಬೆಲೆ ತೆರುವವರು ಬೇರೆ, ಅದರಿಂದ ಲಾಭ ಪಡೆಯುವವರು ಬೇರೆ, ನಿರ್ಧಾರ ಮಾಡುವವರು ಇನ್ನೂ ಬೇರೆ ಅಂತಾದಾಗ ಅದು ನ್ಯಾಯವಾದ ನಿರ್ಧಾರವೋ ಅಲ್ಲವೋ ಅಂತ ಅಳೆಯೋದು ಹೇಗೆ?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ಮಾಮೂಲಿ ಫ್ಲೂ ಮಕ್ಕಳಿಂದಲೇ ಹೆಚ್ಚು ಹರಡುತ್ತೆ, ಇದೂ ಹಾಗೇ ಇರಬಹುದು ಅಂತ ಊಹಿಸಿದ್ದು ಸಹಜ. ಮನೆಗೆ ಬೆಂಕಿ ಬಿದ್ದಾಗ ಯಾವ ಸಾಮಾನು ಮೊದಲು ಹೊರಗೆ ಹಾಕಬೇಕು ಅಂತ ಲಿಸ್ಟ್ ಮಾಡ್ಕೊಂಡು ಕೂರೋಕಾಗಲ್ಲ. ನನ್ನ ತಕರಾರು ಇರೋದು ಅದಾದ ನಂತರದ ಹತ್ತೊಂಬತ್ತು ತಿಂಗಳ ಬಗ್ಗೆ.

ಆ ತಿಂಗಳುಗಳನ್ನು ಒಂದು ಸಲ ಸಾಲಾಗಿ ಇಟ್ಟು ನೋಡೋಣ. 2020ರ ಮೇ 4ಕ್ಕೆ ಮದ್ಯದಂಗಡಿ ತೆರೆದವು. ಜೂನ್ 8ಕ್ಕೆ ಮಾಲ್, ಹೋಟೆಲ್, ದೇವಸ್ಥಾನ. ಅಕ್ಟೋಬರ್ 15ಕ್ಕೆ ಸಿನಿಮಾ ಥಿಯೇಟರ್. ನವೆಂಬರ್ 3ಕ್ಕೆ ಶಿರಾ ಮತ್ತು ರಾಜರಾಜೇಶ್ವರಿ ನಗರದ ಉಪಚುನಾವಣೆ. ಡಿಸೆಂಬರ್ 22 ಮತ್ತು 27ಕ್ಕೆ ರಾಜ್ಯದ ಉದ್ದಗಲಕ್ಕೂ ಗ್ರಾಮ ಪಂಚಾಯಿತಿ ಚುನಾವಣೆ. ಹಳ್ಳಿಗಳಲ್ಲಿ ಮತಗಟ್ಟೆ ಎಲ್ಲಿರುತ್ತೆ ಅಂತ ನಿಮಗೆ ಗೊತ್ತು. ಸರ್ಕಾರಿ ಶಾಲೆಯಲ್ಲಿ. ಒಂಬತ್ತು ತಿಂಗಳಿಂದ ಮುಚ್ಚಿದ್ದ ಕೊಠಡಿಯ ಬೀಗ ತೆಗೆದು, ಕಸ ಗುಡಿಸಿ, ಬೆಂಚು ಸರಿಸಿ, ಊರಿನ ಅಷ್ಟೂ ದೊಡ್ಡವರು ಸಾಲಾಗಿ ಬಂದು ಬೆರಳಿಗೆ ಶಾಯಿ ಹಾಕಿಸಿಕೊಂಡು ಹೋದರು. ಮಾರನೇ ದಿನ ಮತ್ತೆ ಬೀಗ. ಅದೇ ಕೊಠಡಿಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ಕೂರೋಕೆ ಇನ್ನೂ ಹತ್ತು ತಿಂಗಳು ಕಾಯಬೇಕಾಯ್ತು.

ಹೌದು, ಹತ್ತು ತಿಂಗಳು. ಎಸ್ಸೆಸ್ಸೆಲ್ಸಿ ಮತ್ತು ಸೆಕೆಂಡ್ ಪಿಯು ಮಕ್ಕಳು 2021ರ ಜನವರಿ 1ರಂದು ಒಳಗೆ ಬಂದರು. ಫೆಬ್ರವರಿಯಲ್ಲಿ ಇನ್ನಷ್ಟು ದೊಡ್ಡ ತರಗತಿಗಳು. ಎರಡನೇ ಅಲೆಗೆ ಎಲ್ಲಾ ಮತ್ತೆ ಬಂದ್. ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಕೊನೆಗೆ ಅಕ್ಟೋಬರ್ 25ಕ್ಕೆ ಒಂದರಿಂದ ಐದು. ಅಂದ್ರೆ 2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ದಾಖಲಾದ ಮಗು ಮೊದಲ ಬಾರಿ ತರಗತಿಯೊಳಗೆ ಕೂತಾಗ ಅದು ಎರಡನೇ ಕ್ಲಾಸಿನ ಮಧ್ಯಕ್ಕೆ ಬಂದಾಗಿತ್ತು. ಅಂಗನವಾಡಿ ಮುಗಿಸಿದ್ದ ಮಗುವಿನ ಕೈಗೆ ನೇರವಾಗಿ ಎರಡನೇ ಕ್ಲಾಸಿನ ಪುಸ್ತಕ.

ಇದೇ ರೋಗ, ಇದೇ ವರ್ಷ, ಡೆನ್ಮಾರ್ಕ್ ತನ್ನ ಶಾಲೆಗಳನ್ನು 2020ರ ಏಪ್ರಿಲ್ 15ಕ್ಕೇ ತೆರೆಯಲು ಶುರು ಮಾಡಿತು. ಅಲ್ಲಿ ಮೊದಲು ಒಳಗೆ ಬಂದಿದ್ದು ಶಿಶುವಿಹಾರದಿಂದ ಐದನೇ ಕ್ಲಾಸ್‌ವರೆಗಿನ ಚಿಕ್ಕ ಮಕ್ಕಳು. ಸ್ವೀಡನ್ ಹದಿನಾರರ ಒಳಗಿನವರ ಶಾಲೆಗಳನ್ನು ಮುಚ್ಚಲೇ ಇಲ್ಲ. ಅವರ ಆಸ್ಪತ್ರೆಗಳೂ ಮನೆಗಳೂ ಬೇರೆ, ನಮ್ಮವು ಬೇರೆ, ಒಪ್ಪೋಣ. ಆದರೆ ಕ್ರಮವನ್ನು ಗಮನಿಸಿ. ಅವರು ಚಿಕ್ಕವರಿಂದ ಶುರು ಮಾಡಿದರು, ನಾವು ಚಿಕ್ಕವರನ್ನು ಕೊನೆಗಿಟ್ಟೆವು. ದೊಡ್ಡ ಮಕ್ಕಳಿಗೆ ಬೋರ್ಡ್ ಎಕ್ಸಾಂ ಇತ್ತು, ರ‍್ಯಾಂಕ್ ಇತ್ತು, ಸೀಟು ಇತ್ತು. ಒಂದನೇ ಕ್ಲಾಸಿನ ಮಗುವಿಗೆ ಅಂಥದ್ದೇನೂ ಇಲ್ಲವಲ್ಲ, ಕಾಯಲಿ ಬಿಡು ಅಂದುಕೊಂಡೆವು. ಒಬ್ಬ ಮನುಷ್ಯ ಜೀವಮಾನವಿಡೀ ಓದೋದು ಬರೆಯೋದು ನಿಂತಿರೋದೇ ಆ ಎರಡು ವರ್ಷಗಳ ಮೇಲೆ ಅನ್ನೋದು ಲೆಕ್ಕಕ್ಕೆ ಬರಲಿಲ್ಲ.

ನಮ್ಮೂರು ಅರಸೀಕೆರೆ ಕಡೆ. 2020ರ ಜೂನ್‌ನಿಂದ ಸುಮಾರು ಒಂದು ವರ್ಷ ಲ್ಯಾಪ್‌ಟಾಪ್ ಹಿಡ್ಕೊಂಡು ಊರಲ್ಲೇ ಇದ್ದೆ. ಶಾಲೆ ಮುಚ್ಚಿದ್ದು ಮಕ್ಕಳು ಒಬ್ಬರಿಗೊಬ್ಬರು ಸೇರಬಾರದು ಅಂತ ತಾನೇ? ಬೆಳಗ್ಗೆ ಎಂಟಕ್ಕೆ ನಾನು ಕಾಲ್‌ಗೆ ಅಂತ ಮಹಡಿ ಹತ್ತಿದರೆ ಕೆಳಗೆ ಬೀದಿ ತುಂಬಾ ಮಕ್ಕಳು. ಗೋಲಿ, ಲಗೋರಿ, ಕೆರೆ ಏರಿ ಮೇಲೆ ಸೈಕಲ್. ಒಂದು ಮನೆಯ ಟಿವಿ ಮುಂದೆ ಹತ್ತು ಮಕ್ಕಳು. ಮದುವೆ ಮನೆ ಪಂಕ್ತೀಲೂ ಅವರೇ, ತಿಥಿ ಊಟಕ್ಕೂ ಅವರೇ. ಹೈಸ್ಕೂಲಿನ ಹುಡುಗರು ಆಗಲೇ ಕಾಯಿ ಸುಲಿಯೋಕೆ, ಗಾರೆ ಕೆಲಸಕ್ಕೆ ಹೋಗಿ ದಿನಗೂಲಿ ತರ್ತಾ ಇದ್ದರು. ಮಕ್ಕಳು ಸೇರದೇ ಇದ್ದ ಜಾಗ ಇಡೀ ಊರಲ್ಲಿ ಒಂದೇ ಒಂದು, ಶಾಲೆ.

ಪಾಠ ಆನ್‌ಲೈನ್ ನಡೀತಿತ್ತಲ್ಲ ಅಂತ ನೀವು ಕೇಳಬಹುದು. ಬೆಂಗಳೂರಲ್ಲಿ ನಡೀತಿತ್ತು. ಚಿಕ್ಕ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಬೇಡ ಅಂತ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧ ಹಾಕಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಫೋನು, ವೈಫೈ, ಪಕ್ಕದಲ್ಲಿ ಕೂತು ಹೇಳಿಕೊಡುವ ಅಪ್ಪ ಅಮ್ಮ ಇದ್ದ ಮಕ್ಕಳಿಗೆ ಹೇಗೋ ಒಂದು ದಾರಿ ಆಯ್ತು. ಉಳಿದವರಿಗೆ ಚಂದನ ವಾಹಿನಿಯ ಪಾಠ, ಅದೂ ಕರೆಂಟ್ ಇದ್ದರೆ. ಮಲೆನಾಡು, ಕರಾವಳಿ ಕಡೆ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನಲ್ಲಿ ಒಬ್ಬ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ, ಕೊಡೆಯ ಕೆಳಗೆ ಮಗಳು ರಸ್ತೆ ಬದಿ ಕೂತು ಕ್ಲಾಸ್ ಕೇಳುತ್ತಿದ್ದ ಆ ಫೋಟೋವನ್ನು ನಾವೆಲ್ಲಾ ಶೇರ್ ಮಾಡಿದ್ದೇವೆ. ಎಂಥಾ ಅಪ್ಪ, ಎಂಥಾ ಛಲ ಅಂತ ಬರೆದೆವು. ಆ ಹುಡುಗಿ ಯಾಕೆ ರಸ್ತೆ ಬದಿ ಕೂರಬೇಕಾಯ್ತು ಅಂತ ಕೇಳಿದವರು ಕಡಿಮೆ.

ಇದರ ನಡುವೆ ಒಂದು ಒಳ್ಳೆಯ ಪ್ರಯತ್ನ ಆಗಿತ್ತು, ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಶುರುವಾಯ್ತು. ಮಕ್ಕಳು ಶಾಲೆಗೆ ಬರೋದು ಬೇಡ, ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಲಿ ಅನ್ನೋದು ಅದರ ಯೋಚನೆ. ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ನಾಲ್ಕಾರು ಮಕ್ಕಳನ್ನು ಕೂರಿಸಿ ಪಾಠ. ನಮ್ಮೂರಲ್ಲೂ ನಡೀತು. ಗಾಳಿ ಬೆಳಕು ಇರೋ ಜಾಗ, ಸಣ್ಣ ಸಣ್ಣ ಗುಂಪು. ಸಾಂಕ್ರಾಮಿಕದ ಮಧ್ಯೆ ಮಕ್ಕಳಿಗೆ ಪಾಠ ಮಾಡೋದಕ್ಕೆ ಇದಕ್ಕಿಂತ ಎಚ್ಚರದ ದಾರಿ ನನಗಂತೂ ತೋಚಲ್ಲ.

ಅಕ್ಟೋಬರ್‌ನಲ್ಲಿ ಅದು ನಿಂತಿತು. ಕೆಲವು ಕಡೆ ಮಕ್ಕಳಿಗೆ, ಶಿಕ್ಷಕರಿಗೆ ಸೋಂಕು ತಗುಲಿದ ಸುದ್ದಿ ಬಂತು. ಟಿವಿಯಲ್ಲಿ ಇಡೀ ದಿನ ಅದೇ. ನಮ್ಮ ನ್ಯೂಸ್ ಚಾನೆಲ್‌ಗಳ ಭಾಷೆ ನಿಮಗೆ ಗೊತ್ತೇ ಇದೆ. ಮಹಾಮಾರಿ, ರಣಕೇಕೆ, ಅಟ್ಟಹಾಸ, ಸ್ಫೋಟ. ಆ ಮಕ್ಕಳಿಗೆ ಸೋಂಕು ಕಟ್ಟೆ ಮೇಲೆ ಬಂತೋ, ಮನೆಯಲ್ಲಿ ಬಂತೋ, ಮದುವೆ ಊಟದಲ್ಲಿ ಬಂತೋ ಅಂತ ಕೇಳುವ ವ್ಯವಧಾನ ಯಾರಿಗಿತ್ತು? ಎರಡೇ ದಿನದ ಚರ್ಚೆಗೆ ರಾಜ್ಯದ ಅಷ್ಟೂ ಹಳ್ಳಿಗಳ ಅರಳಿಕಟ್ಟೆಗಳು ಖಾಲಿಯಾದವು.

ಆಗ ನಮ್ಮೂರ ಮೇಷ್ಟ್ರನ್ನು ಕೇಳಿದ್ದೆ, "ಯಾಕೆ ಸಾರ್, ನಮ್ಮೂರಲ್ಲಿ ಯಾರಿಗೂ ಬಂದಿಲ್ವಲ್ಲ, ನೀವು ನಡೆಸಬಹುದಿತ್ತಲ್ವಾ?" ಅವರು ನಕ್ಕರು. "ನೋಡಪ್ಪಾ, ಒಂದು ಮಗೀಗೆ ಜ್ವರ ಬಂದ್ರೆ ಟಿವಿಯವ್ರು ನಮ್ಮನೆ ಬಾಗಿಲಿಗೆ ಬತ್ತಾರೆ. ಇಪ್ಪತ್ತು ಮಕ್ಳಿಗೆ ಓದಕ್ಕೇ ಬರ್ದಿದ್ರೆ ಯಾರೂ ಬರಲ್ಲ."

ಇಡೀ ವಿಷಯ ಆ ಎರಡು ವಾಕ್ಯದಲ್ಲಿದೆ ಅನ್ಸುತ್ತೆ ನನಗೆ. ಶಾಲೆ ತೆರೆದು ಒಂದು ಮಗುವಿಗೆ ತೊಂದರೆಯಾದರೆ ಅದಕ್ಕೊಂದು ಹೆಸರಿದೆ, ಫೋಟೋ ಇದೆ, ಹೊಣೆ ಹೊರಿಸೋಕೆ ಒಬ್ಬ ಅಧಿಕಾರಿ ಇದ್ದಾನೆ. ಶಾಲೆ ಮುಚ್ಚಿ ಲಕ್ಷಾಂತರ ಮಕ್ಕಳಿಗೆ ತೊಂದರೆಯಾದರೆ ಹೆಸರಿಲ್ಲ, ದಿನಾಂಕ ಇಲ್ಲ, ಯಾರೂ ರಾಜೀನಾಮೆ ಕೊಡಬೇಕಿಲ್ಲ. ಆ ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಮುಚ್ಚೋದೇ ಸುಲಭ. ಇದನ್ನೇ ನಾವು ಮುನ್ನೆಚ್ಚರಿಕೆ ಅಂತ ಕರೆದೆವು. ಯಾರ ಬಗ್ಗೆ ಎಚ್ಚರಿಕೆ? ಮಗುವಿನ ಬಗ್ಗೆ ಅಂತ ಹೇಳಿದ್ದು, ಆದರೆ ಅದರಲ್ಲಿ ದೊಡ್ಡ ಪಾಲು ನಮ್ಮ ತಲೆ ಮೇಲೆ ಗೂಬೆ ಕೂರದಿರಲಿ ಅನ್ನುವ ಎಚ್ಚರಿಕೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದರ ಒಂದು ಚಿಕ್ಕ ರೂಪವನ್ನು ನೀವೂ ನೋಡಿರ್ತೀರಿ. ಸಿಸ್ಟಮ್ ಕೆಟ್ಟಾಗ ಅರ್ಜೆಂಟಾಗಿ ಒಂದು ಫೀಚರ್ ಆಫ್ ಮಾಡ್ತೀವಿ. ತಾತ್ಕಾಲಿಕ ಅಂತ ಟಿಕೆಟ್‌ನಲ್ಲಿ ಬರೀತೀವಿ. ಮತ್ತೆ ಯಾವಾಗ ಆನ್ ಮಾಡಬೇಕು, ಯಾವ ನಂಬರ್ ಎಷ್ಟಕ್ಕೆ ಇಳಿದರೆ ಆನ್ ಮಾಡಬೇಕು ಅಂತ ಬರೆಯಲ್ಲ. ಆರು ತಿಂಗಳಾದ ಮೇಲೂ ಅದು ಆಫ್ ಆಗೇ ಇರುತ್ತೆ, ಯಾಕಂದ್ರೆ ಆನ್ ಮಾಡಿ ಏನಾದ್ರೂ ಆದ್ರೆ ಆನ್ ಮಾಡಿದವನ ಮೇಲೆ ಬರುತ್ತೆ. ಆ ಫೀಚರ್ ಬಳಸುವ ಕಸ್ಟಮರ್ ದೊಡ್ಡವನಾದರೆ ಫೋನ್ ಮಾಡಿ ಕೂಗಾಡ್ತಾನೆ, ಅರ್ಧ ಗಂಟೆಯಲ್ಲಿ ಆನ್ ಆಗುತ್ತೆ. ಮದ್ಯದಂಗಡಿ, ಮಾಲು, ಥಿಯೇಟರ್ ಎಲ್ಲಕ್ಕೂ ಫೋನ್ ಮಾಡುವ ಸಂಘಗಳಿದ್ದವು. ಆರು ವರ್ಷದ ಮಗುವಿಗೆ ಸಂಘ ಇಲ್ಲ, ವೋಟೂ ಇಲ್ಲ.

ಎರಡನೇ ಅಲೆ ಬಂದಾಗ ಭಯ ನಿಜವಾಯ್ತು. 2021ರ ಏಪ್ರಿಲ್, ಮೇ ತಿಂಗಳನ್ನು ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದೆ ಸತ್ತವರು, ಬೆಂಗಳೂರಿನ ಚಿತಾಗಾರಗಳ ಮುಂದೆ ಸಾಲು ನಿಂತ ಆಂಬುಲೆನ್ಸ್‌ಗಳು, ಇವನ್ನು ನೋಡಿದ ಮೇಲೆ ಯಾವ ಅಪ್ಪ ಅಮ್ಮನಿಗೆ ಮಗುವನ್ನು ಹೊರಗೆ ಕಳಿಸೋ ಧೈರ್ಯ ಬರುತ್ತೆ? ಆ ಎರಡು ತಿಂಗಳು ಶಾಲೆ ಮುಚ್ಚಿದ್ದರ ಬಗ್ಗೆ ನನ್ನ ಆಕ್ಷೇಪ ಇಲ್ಲ.

ಆದರೆ ಆ ಭಯದ ಮೇಲೆ ಇನ್ನೊಂದು ಭಯವನ್ನು ಕಟ್ಟಿದರು. ಮೊದಲ ಅಲೆ ವಯಸ್ಸಾದವರಿಗೆ, ಎರಡನೆಯದು ಮಧ್ಯವಯಸ್ಕರಿಗೆ, ಇನ್ನು ಮೂರನೆಯದು ಮಕ್ಕಳಿಗೆ. ಕೇಳೋಕೆ ಲೆಕ್ಕ ಸರಿಯಾಗಿದೆ ಅನ್ಸುತ್ತೆ, ಅದಕ್ಕೇ ಅಷ್ಟು ಬೇಗ ಹರಡಿತು. ಮೇ ತಿಂಗಳಲ್ಲೇ ಮಕ್ಕಳ ತಜ್ಞರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಇದಕ್ಕೆ ಆಧಾರ ಇಲ್ಲ ಅಂತ ಹೇಳಿತು. ಜೂನ್‌ನಲ್ಲಿ ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಅದನ್ನೇ ಹೇಳಿದರು. ಮೂರನೇ ಅಲೆಗೆ ತಯಾರಾಗಲು ನಮ್ಮ ರಾಜ್ಯ ಸರ್ಕಾರವೇ ನೇಮಿಸಿದ್ದ ಡಾ. ದೇವಿ ಶೆಟ್ಟಿ ನೇತೃತ್ವದ ಸಮಿತಿ ಜೂನ್‌ನಲ್ಲೇ ಶಾಲೆ ತೆರೆಯಿರಿ ಅಂದಿತು. ಜುಲೈ 20ಕ್ಕೆ ಐಸಿಎಂಆರ್ ಮುಖ್ಯಸ್ಥ ಬಲರಾಂ ಭಾರ್ಗವ, ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದು ಅಂದರು. ಇಷ್ಟೆಲ್ಲಾ ಆದ ಮೇಲೂ ನಮ್ಮ ಒಂದನೇ ಕ್ಲಾಸ್ ತೆರೆದಿದ್ದು ಅಕ್ಟೋಬರ್ ಕೊನೆಯಲ್ಲಿ. "ಮಕ್ಕಳೇ ಟಾರ್ಗೆಟ್" ಅನ್ನೋ ಎರಡು ಪದದ ಮುಂದೆ ಸಮಿತಿಗಳ ವರದಿ ನಿಲ್ಲಲಿಲ್ಲ.

ಅದೇ ದಿನ ಐಸಿಎಂಆರ್ ನಾಲ್ಕನೇ ಸೀರೋ ಸರ್ವೆಯ ಫಲಿತಾಂಶವನ್ನೂ ಹೊರಗಿಟ್ಟಿತು. ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಸರ್ವೆ ಅದು. ದೇಶದಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57.2, 10ರಿಂದ 17ರವರಲ್ಲಿ ಶೇ. 61.6 ಮಂದಿಯಲ್ಲಿ ಪ್ರತಿಕಾಯ ಸಿಕ್ಕಿತು. ಆಗ ಮಕ್ಕಳಿಗೆ ಲಸಿಕೆ ಶುರುವಾಗಿರಲಿಲ್ಲ. ಅಂದ್ರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು, ಅವರಲ್ಲಿ ಬಹುಪಾಲು ಮನೆಗಳಿಗೆ ಅದು ಗೊತ್ತೂ ಆಗಿರಲಿಲ್ಲ. ಶಾಲೆಗೆ ಹಾಕಿದ ಬೀಗ ಅಷ್ಟು ಮಕ್ಕಳನ್ನು ಸೋಂಕಿನಿಂದ ಕಾಯಲಿಲ್ಲ. ಪಾಠ ಮತ್ತು ಬಿಸಿಯೂಟವನ್ನು ಮಾತ್ರ ತಪ್ಪಿಸಿತು. ನಮ್ಮ ಕಡೆ ಒಂದು ಗಾದೆ ಇದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದ್ದರಿಂದ ಎತ್ತಿನ ಜ್ವರವೂ ಬಿಡಲಿಲ್ಲ, ಎಮ್ಮೆಯ ಮೈ ಸುಟ್ಟಿದ್ದು ಮಾತ್ರ ಬಂತು.

ಇದಕ್ಕೆ ಬಲವಾದ ಉತ್ತರ ಒಂದಿದೆ, ಅದನ್ನು ತಳ್ಳಿಹಾಕೋ ಹಾಗಿಲ್ಲ. ಮಗುವಿಗೆ ಏನೂ ಆಗದಿರಬಹುದು, ಆದರೆ ಅದು ಸೋಂಕನ್ನು ಮನೆಗೆ ತಂದು ಅಜ್ಜಿಗೆ ಕೊಟ್ಟರೆ? ನಮ್ಮದು ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಗಳು. ಶಿಕ್ಷಕರ ವಯಸ್ಸೂ ನೋಡಬೇಕಲ್ಲ? ಚೆಕ್‌ಪೋಸ್ಟ್, ಮನೆ ಮನೆ ಸರ್ವೆ ಅಂತ ಕೊರೊನಾ ಡ್ಯೂಟಿಗೆ ಹೋಗಿ ಎಷ್ಟೋ ಮೇಷ್ಟ್ರುಗಳು ಜೀವ ಕಳಕೊಂಡಿದ್ದಾರೆ. ಅವರ ಭಯ ಸುಳ್ಳಲ್ಲ.

ಇಲ್ಲೇ ನಿಜವಾದ ನೈತಿಕ ಪ್ರಶ್ನೆ ಇರೋದು. ದೊಡ್ಡವರನ್ನು ಉಳಿಸೋಕೆ ಮಕ್ಕಳಿಂದ ಏನನ್ನಾದರೂ ಕೇಳಬಹುದಾ? ಕೇಳಬಹುದು ಅಂತಲೇ ನಾನು ಅಂದ್ಕೋತೀನಿ. ಕುಟುಂಬ ಅಂದ್ರೆ ಅದೇ ತಾನೇ? ಆದರೆ ಕೇಳೋದಕ್ಕೆ ಮೊದಲು ದೊಡ್ಡವರು ತಾವು ಕೊಡಬೇಕಾದದ್ದನ್ನು ಕೊಟ್ಟಿರಬೇಕು. ಅಜ್ಜಿಗಾಗಿ ಮೊಮ್ಮಗ ಶಾಲೆ ಬಿಡಬೇಕು ಅನ್ನೋ ಮನೆಯಲ್ಲಿ ಅಪ್ಪ ಬಾರಿಗೆ ಹೋಗಬಾರದು, ಚಿಕ್ಕಪ್ಪ ಪ್ರಚಾರ ಸಭೆಗೆ ಹೋಗಬಾರದು, ಮುನ್ನೂರು ಜನರ ಬೀಗರೂಟ ಇಟ್ಟುಕೊಳ್ಳಬಾರದು. ಅವನ್ನೆಲ್ಲಾ ನಡೆಸಿಕೊಂಡು, ಅಜ್ಜಿಯ ಹೆಸರಲ್ಲಿ ಮಗುವಿನದನ್ನು ಮಾತ್ರ ಕಿತ್ತುಕೊಂಡರೆ ಅದಕ್ಕೆ ತ್ಯಾಗ ಅನ್ನೋಕಾಗಲ್ಲ. ತ್ಯಾಗ ಅನ್ನೋದು ತಾನಾಗಿ ಮಾಡುವುದು. ಇನ್ನೊಬ್ಬರ ಕೈಯಿಂದ ಮಾಡಿಸಿದರೆ ಅದಕ್ಕೆ ಬೇರೆ ಹೆಸರಿದೆ.

2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ಬೆಂಗಳೂರಲ್ಲಿ ಏನಾಯ್ತು ನೋಡಿ. ಆ ಹೊತ್ತಿಗೆ ದೊಡ್ಡವರಿಗೆ ಲಸಿಕೆ ಸಿಕ್ಕಿತ್ತು, ಶಿಕ್ಷಕರಿಗೂ ಸಿಕ್ಕಿತ್ತು. ಪಬ್, ಬಾರ್, ರೆಸ್ಟೋರೆಂಟ್, ಥಿಯೇಟರ್‌ಗಳಿಗೆ ಅರ್ಧದಷ್ಟು ಜನರಿಗೆ ಅವಕಾಶ ಇತ್ತು. ಒಂದರಿಂದ ಒಂಬತ್ತನೇ ಕ್ಲಾಸಿನವರೆಗೆ ಶಾಲೆಗಳು ಪೂರ್ತಿ ಬಂದ್. ಎರಡು ವರ್ಷದ ಅನುಭವ ಆದ ಮೇಲೂ ಕೈ ಮೊದಲು ಹೋಗಿದ್ದು ಶಾಲೆಯ ಬೀಗಕ್ಕೆ. ಪಬ್‌ಗೆ ಅರ್ಧ ಲೆಕ್ಕ ಹಾಕೋಕೆ ಬರುವ ನಮಗೆ ಶಾಲೆಗೆ ಅರ್ಧ ಲೆಕ್ಕ ಹಾಕೋಕೆ ಬರಲಿಲ್ಲ.

ಬೆಲೆ ಎಷ್ಟಾಯ್ತು ಅಂತ ಲೆಕ್ಕ ಹಾಕಿದವರಿದ್ದಾರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿತು. ಶೇ. 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷೆಯ ಯಾವುದಾದರೂ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು, ಗಣಿತದಲ್ಲಿ ಶೇ. 82. ಅದೇ ವರ್ಷ ಆಗಸ್ಟ್‌ನಲ್ಲಿ ಜೀನ್ ಡ್ರೇಜ್, ರೀತಿಕಾ ಖೇರಾ ಮತ್ತಿತರರು ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳಿಗೆ ಹೋಗಿ ಕೇಳಿದರು. ಹಳ್ಳಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಓದುತ್ತಿದ್ದವರು ಶೇ. 8, ಏನೂ ಓದದವರು ಶೇ. 37. ಆ ಹಳ್ಳಿಗಳ ಅಪ್ಪ ಅಮ್ಮಂದಿರಲ್ಲಿ ಶೇ. 97 ಮಂದಿ ಶಾಲೆ ತೆರೆಯಿರಿ ಅನ್ನುತ್ತಿದ್ದರು. "ಪೋಷಕರು ಒಪ್ಪುತ್ತಿಲ್ಲ" ಅಂತ ಅದೇ ದಿನಗಳಲ್ಲಿ ಟಿವಿ ಚರ್ಚೆಗಳಲ್ಲಿ ಕೇಳಿದ ನೆನಪಿದೆಯಾ? ಯಾವ ಪೋಷಕರು? ಝೂಮ್‌ನಲ್ಲಿ ಚರ್ಚೆಗೆ ಬರೋಕಾಗುವ ಪೋಷಕರು. ಅಂದ್ರೆ ನಮ್ಮಂಥವರು. ನಮ್ಮ ಮಾತು ಕೇಳಿಸಿತು, ಉಳಿದವರದ್ದು ಕೇಳಿಸಲಿಲ್ಲ.

ಶಾಲೆ ತೆರೆದ ಮೇಲೆ ಬಂದ ಅಸರ್ 2022ರ ವರದಿ ಇನ್ನೂ ಬೇಸರ ತರಿಸುತ್ತೆ. ದೇಶದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ಶೇ. 27.3 ಇದ್ದರು, 2022ರಲ್ಲಿ ಶೇ. 20.5. ಮೊದಲೇ ಕಡಿಮೆ ಇತ್ತು, ಇನ್ನೂ ಇಳಿಯಿತು. ನಮ್ಮ ರಾಜ್ಯ 2022–23ನ್ನು ಕಲಿಕಾ ಚೇತರಿಕೆ ವರ್ಷ ಅಂತ ಕರೆದು ಹಳೇ ಪಾಠಗಳನ್ನು ಮತ್ತೆ ಕಲಿಸೋ ಕೆಲಸಕ್ಕೆ ಕೈ ಹಾಕಿತು. ಒಳ್ಳೆಯ ಕೆಲಸ. ಆದರೆ ಆ ಚೇತರಿಕೆ ಎಷ್ಟಾಯ್ತು ಅಂತ ಯಾವ ಚಾನೆಲ್ಲಾದರೂ ರಾತ್ರಿ ಒಂದು ಗಂಟೆ ಚರ್ಚೆ ನಡೆಸಿದ್ದು ನಾನಂತೂ ನೋಡಿಲ್ಲ. ಕಾಯಿ ಸುಲಿಯೋಕೆ ಹೋದ ಹುಡುಗರಲ್ಲಿ ಇಬ್ಬರು ನಮ್ಮೂರಲ್ಲಿ ವಾಪಸ್ ಶಾಲೆಗೆ ಬರಲೇ ಇಲ್ಲ. ಯಾವ ಸುದ್ದಿಯಲ್ಲೂ ಅವರಿಲ್ಲ.

ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಓದಿ ಬಂದವನು. ಅಪ್ಪ ಅಮ್ಮ ಇಬ್ಬರಿಗೂ ಪಾಠ ಹೇಳಿಕೊಡೋಕೆ ಬರುತ್ತಿರಲಿಲ್ಲ. ಒಂದನೇ, ಎರಡನೇ ಕ್ಲಾಸು ನನಗೆ ಇಲ್ಲದೇ ಹೋಗಿದ್ದರೆ ಬಿಇ ಇಲ್ಲ, ಈ ಕೆಲಸ ಇಲ್ಲ, ನೀವು ಓದ್ತಾ ಇರೋ ಈ ಬರಹವೂ ಇಲ್ಲ. ಇದನ್ನು ಓದ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಕಥೆಯೂ ಇದೇ. ಆ ಎರಡು ವರ್ಷ ಮನೆಯಿಂದಲೇ ಕೆಲಸ ಮಾಡೋದು ನಮಗೆ ಸಾಧ್ಯವಾಗಿದ್ದು ಹಿಂದೆ ಯಾವತ್ತೋ ಒಬ್ಬ ಮೇಷ್ಟ್ರು ನಮ್ಮ ಕೈ ಹಿಡಿದು ತಿದ್ದಿಸಿದ್ದರಿಂದ.

ಇನ್ನೊಂದು ಸಾಂಕ್ರಾಮಿಕ ಬರುತ್ತೆ. ಯಾವಾಗ ಅಂತ ಗೊತ್ತಿಲ್ಲ, ಬರೋದಂತೂ ಬರುತ್ತೆ. ಆಗ ಶಾಲೆ ಮುಚ್ಚಲೇಬೇಕಾದ ಪರಿಸ್ಥಿತಿಯೂ ಬರಬಹುದು, ಮುಂದಿನ ರೋಗ ಮಕ್ಕಳನ್ನೇ ಹಿಡಿಯುವ ರೋಗವೂ ಆಗಿರಬಹುದು. ಹಾಗಾಗಿ "ಯಾವತ್ತೂ ಮುಚ್ಚಬೇಡಿ" ಅನ್ನೋ ನಿಯಮ ನನ್ನದಲ್ಲ. ನಾನು ಕೇಳೋದು ಇಷ್ಟು. ಮುಚ್ಚುವ ಆದೇಶದಲ್ಲೇ ಯಾವಾಗ ತೆರೆಯುತ್ತೇವೆ ಅಂತ ಬರೆದಿರಲಿ. ಬೆಂಗಳೂರಿನ ಅಂಕಿ ನೋಡಿ ಅರಸೀಕೆರೆಯ ಹಳ್ಳಿ ಶಾಲೆ ಮುಚ್ಚುವುದು ಬೇಡ, ಆ ತೀರ್ಮಾನ ಆ ಊರಿನ ಪಂಚಾಯಿತಿಗೆ, ಎಸ್‌ಡಿಎಂಸಿಗೆ ಸಿಗಲಿ. ಊರಲ್ಲಿ ಬಾರ್ ತೆರೆದಿರುವ ದಿನ ಶಾಲೆ ಮುಚ್ಚಿರಬಾರದು. ಮತ್ತು ದಿನಾ ಸಂಜೆ ಬರುವ ಬುಲೆಟಿನ್‌ನಲ್ಲಿ ಪಾಸಿಟಿವ್, ಡಿಸ್ಚಾರ್ಜ್, ಸಾವು ಎಂಬುದರ ಪಕ್ಕದಲ್ಲೇ ಇನ್ನೊಂದು ಸಾಲು ಇರಲಿ: ಇವತ್ತು ಶಾಲೆಯಿಂದ ಹೊರಗುಳಿದ ಮಕ್ಕಳು ಇಷ್ಟು, ಇದು ಇಷ್ಟನೇ ದಿನ.

ಆ ಸಾಲನ್ನು ದಿನಾ ಓದಿದ ಮೇಲೂ ಮುಚ್ಚೋದೇ ಸರಿ ಅನ್ನಿಸಿದರೆ ಮುಚ್ಚೋಣ. ಆಗ ಕನಿಷ್ಠ ಪಕ್ಷ ನಾವು ಯಾರಿಂದ ಏನು ತಗೋತಾ ಇದ್ದೀವಿ ಅಂತ ನಮಗೆ ಗೊತ್ತಿರುತ್ತೆ.